ಅಕ್ಕನ ಎದೆ, ಮಾಮಾನ ಗೆಲಾಕ್ಸಿ

ಬೆಳಗಾವಿಯ ಟಿಳಕವಾಡಿಯಲ್ಲಿ, ಎರಡನೇ ರೈಲ್ವೆ ಗೇಟಿನ ಹತ್ತಿರದ ಆ ಬಾಡಿಗೆ ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಅದರ ಮೇಲೆ ಯಾವಾಗಲೂ ಅಕ್ಕನ ಗಂಡನ ಕಾಗದಗಳು ಹರಡಿರುತ್ತಿದ್ದವು. ಅವರನ್ನು ನಾನು ಮಾಮಾ ಎನ್ನುತ್ತಿದ್ದೆ. ನಮ್ಮ ಕಡೆ ಅಕ್ಕನ ಗಂಡನನ್ನು ಕರೆಯುವುದು ಹಾಗೆಯೇ. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ನಾನು ಖಾನಾಪುರದಿಂದ ಬಂದು ಅವರ ಮನೆಯಲ್ಲಿದ್ದುಕೊಂಡು ಗಣಿತ ಓದುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ.

ಅಕ್ಕ ಹೇಗೆ ಸತ್ತಳು ಎಂಬುದಕ್ಕೆ ನಮ್ಮ ಮನೆತನದಲ್ಲಿ ಎರಡು ಕಥೆಗಳಿವೆ. ಒಂದು ಅವ್ವ ಕೊನೆಯವರೆಗೂ ಹೇಳಿದ್ದು. ಇನ್ನೊಂದು ನಾನು ಕಂಡದ್ದು. ಕಂಡದ್ದನ್ನು ಕಂಡ ಕ್ರಮದಲ್ಲಿ ಬರೆಯುತ್ತೇನೆ. ಅದಕ್ಕೆ ಮೊದಲು ಆ ಮೇಜಿನ ಮೇಲಿನ ಕಾಗದಗಳಲ್ಲಿ ಏನಿತ್ತು ಎಂದು ಹೇಳಬೇಕು. ಅದು ತಿಳಿಯದಿದ್ದರೆ ಮಾಮಾ ಮಾಡಿದ ತಪ್ಪು ಎಂಥದೆಂದು ತಿಳಿಯುವುದಿಲ್ಲ.

ಸಪ್ತರ್ಷಿಗಳ ಬಾಲದ ಕೆಳಗಡೆ, ಬರಿಗಣ್ಣಿಗೆ ಕಾಣದ ಒಂದು ಗೆಲಾಕ್ಸಿ ಇದೆ. ಸಾಮಾನ್ಯ ಗೆಲಾಕ್ಸಿಗಳು ತಮ್ಮ ನಕ್ಷತ್ರಗಳಿಂದ ಬೆಳಗುತ್ತವೆ. ಇದು ಹಾಗಲ್ಲ. ಇದರ ನಟ್ಟನಡುವಿನ ಒಂದು ಸಣ್ಣ ಜಾಗ ಉಳಿದೆಲ್ಲ ನಕ್ಷತ್ರಗಳಿಗೆ ಸಮನಾಗಿ ಉರಿಯುತ್ತದೆ, ಅಲ್ಲಿಂದ ಎಕ್ಸ್‌ರೇ ಬರುತ್ತದೆ. ದವಾಖಾನೆಯಲ್ಲಿ ಎದೆಯ ಚಿತ್ರ ತೆಗೆಯುವ ಕಿರಣವೇ ಅದು. ಆಕಾಶದಿಂದ ಬರುವ ಎಕ್ಸ್‌ರೇ ನೆಲ ಮುಟ್ಟುವುದಿಲ್ಲ, ಗಾಳಿ ತಡೆದುಬಿಡುತ್ತದೆ. ಹಾಗಾಗಿ ಹೈದರಾಬಾದಿನಿಂದ ದೊಡ್ಡ ಬಲೂನುಗಳಲ್ಲಿ ಆ ಕಿರಣಗಳನ್ನು ಎಣಿಸುವ ಯಂತ್ರವನ್ನಿಟ್ಟು, ಗಾಳಿಯ ಬಹುಪಾಲು ಕೆಳಗುಳಿಯುವಷ್ಟು ಎತ್ತರಕ್ಕೆ ಹಾರಿಸುತ್ತಿದ್ದರು. ಬೇಸಿಗೆಯ ರಜೆಯಲ್ಲಿ ಮಾಮಾ ಮುಂಬಯಿಯ ಗೆಳೆಯರ ಜೊತೆ ಅಂಥ ಒಂದು ಹಾರಾಟಕ್ಕೆ ಹೋಗಿ ದುಡಿದಿದ್ದರು. ಆ ಗೆಳೆಯರು ಅದರ ಎಣಿಕೆಯ ಒಂದು ಪ್ರತಿಯನ್ನು ಇವರಿಗೆ ಕೊಟ್ಟಿದ್ದರು. ಅದರಿಂದ ಪಿಎಚ್‌.ಡಿ. ಆಗಬೇಕೆಂಬುದು ಮಾಮಾನ ಆಸೆ.

ಕಾಗದದ ತುಂಬ ಅಂಕಿಗಳು. ಸಂಜೆ ಅಡುಗೆಗೆ ಮುಂಚೆ ಅಕ್ಕ ಮಂಚದ ಮೇಲೆ ಕೂತು ಒಂದೊಂದೇ ಅಂಕಿ ಓದುವಳು. ನಾನು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡುವೆ. ಅಕ್ಕ ಮೆಟ್ರಿಕ್‌ವರೆಗೆ ಓದಿದವಳು, ಸಾಲಿಯಲ್ಲಿ ಹಾಜರಿ ಕೂಗಿದಂತೆ ಗಟ್ಟಿಯಾಗಿ, ಸ್ಪಷ್ಟವಾಗಿ ಓದುತ್ತಿದ್ದಳು. ಒಮ್ಮೆ ಮನೆಯ ಮಾಲಕಿ, ಮರಾಠಿ ಮನೆಮಾತಿನ ಮುದುಕಿ, ಕಿಟಕಿಯಲ್ಲಿ ಇಣುಕಿ ಕೇಳಿದಳು:

“ಇದೇನ್ ನಡಿಸೀರಿ ಅಕ್ಕಾತಂಗಿ? ಮಟಕಾ ನಂಬರ ಬರಿಯಾಕತ್ತೀರೇನು?”

“ಹೌದ್ರಿ ಕಾಕು,” ಅಕ್ಕ ಅಂದಳು. “ಆಕಾಶದ ಮಟಕಾ. ಓಪನ್ ಹತ್ತೈತಿ, ಕ್ಲೋಜ್ ಬರೂದು ಬಾಕಿ ಐತಿ.”

“ನನಗೂ ಒಂದ್ ಹೇಳ್ರಿ ಮತ್ತ, ಮುದುಕಿಗೆ ಪುಣ್ಯಾ ಬರ್ತೈತಿ,” ಎಂದು ಕಾಕು ನಗುತ್ತ ಹೋದಳು.

ಚುಕ್ಕೆಗಳು ಒಂದೇ ಮಟ್ಟದಲ್ಲಿ ನಿಲ್ಲಲಿಲ್ಲ. ಹಾರಾಟದ ಕೊನೆಯ ಭಾಗಕ್ಕೆ ಬರುತ್ತಿದ್ದಂತೆ ಗೆಲಾಕ್ಸಿಯ ಎಣಿಕೆ ಇಳಿಯುತ್ತ ಹೋಗಿತ್ತು. ಅಕ್ಕ ನನ್ನ ಹಾಳೆಯನ್ನು ನೋಡಿ, “ಇದಕ್ಕೇನ್ ಜ್ವರಾ ಬಂದೈತೇನು, ಏರತೈತಿ, ಇಳಿತೈತಿ,” ಎಂದಳು. ಮಾಮಾ ಮಾತ್ರ ನಗಲಿಲ್ಲ. ಕೆಲವೇ ತಾಸುಗಳಲ್ಲಿ ಇಷ್ಟು ಇಳಿಯುವುದೆಂದರೆ ಏನರ್ಥ ಎಂದು ಅವರು ನಮಗೆ ಬಿಡಿಸಿ ಹೇಳಿದ್ದು ಇನ್ನೂ ನೆನಪಿದೆ.

“ಖಾನಾಪುರದಿಂದ ಬೆಳಗಾವಿ ತನಕಾ ಎಲ್ಲಾ ಮನ್ಯಾಗ ದೀಪಾ ಹಚ್ಯಾರ ಅಂತ ತಿಳಕೋರಿ. ದೀಪಾ ಆರಸ್ರಿ ಅಂತ ಖಾನಾಪುರದಾಗ ಒಬ್ಬಾವ ಡಂಗುರ ಸಾರಕೋತ ಹೊಂಟ. ಅಂವಾ ನಡಕೋತ ದೇಸೂರ ದಾಟಿ, ಪೀರನವಾಡಿ ದಾಟಿ, ಇಲ್ಲಿಗೆ ಬಂದು ಮುಟ್ಟಬೇಕಂದ್ರ ಇಡೀ ಹಗಲು ಬೇಕು. ಅಲ್ಲೀತನಾ ಇಲ್ಲಿ ದೀಪಾ ಆರೂದಿಲ್ಲ. ಇಷ್ಟೂ ದೀಪಾ ಒಂದ್ ತಾಸಿನಾಗ ಆರಿದ್ವು ಅಂದ್ರ?”

“ಅಷ್ಟು ದೂರ ದೀಪಾನ ಇಲ್ಲ,” ಅಕ್ಕ ಅಂದಳು. “ಸಣ್ಣ ಊರು.”

“ಶಾಣ್ಯಾಕಿ. ಬೆಳಕಿನಕಿಂತ ಜೋರ್ ಯಾವ ಸುದ್ದೀನೂ ಓಡೂದಿಲ್ಲ. ಗೆಲಾಕ್ಸಿ ನಡುವಿಂದು ತಾಸಿನಾಗ ಕಂದತೈತಿ ಅಂದ್ರ, ಅದು ನಮ್ಮ ಸೂರ್ಯನ ಸಂಸಾರದಷ್ಟ ಇರಬೇಕು. ಅಷ್ಟ ಜಾಗಾದಾಗ ಅಷ್ಟು ಬೆಂಕಿ!”

ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಶಕ್ತಿ ಹುಟ್ಟಬೇಕಾದರೆ ಅಲ್ಲೊಂದು ಭಾರಿ ಕಪ್ಪುಕುಳಿ ಇರಬೇಕು, ಅದರೊಳಗೆ ಅನಿಲ ಸುತ್ತುತ್ತ ಬೀಳುತ್ತಿರಬೇಕು, ಬೀಳುವಾಗ ಕಾದು ಎಕ್ಸ್‌ರೇ ಉಗುಳಬೇಕು. ಬೀಳುವ ಅನಿಲ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಬೆಳಕೂ ಹಾಗೆಯೇ. ಇದು ಒಂದು ವಿವರಣೆ. ಇನ್ನೊಂದು, ಒಳಗಿನದು ಇದ್ದ ಹಾಗೇ ಇದೆ, ದಟ್ಟ ಅನಿಲದ ಮೋಡವೊಂದು ನಮಗೂ ಅದಕ್ಕೂ ನಡುವೆ ಹಾದುಹೋಗಿದೆ ಎಂಬುದು. ಮೋಡವಾದರೆ ಮೆದು, ಅಂದರೆ ಕಡಿಮೆ ಜೋರಿನ, ಎಕ್ಸ್‌ರೇಯನ್ನು ಹೆಚ್ಚು ತಡೆಯುತ್ತದೆ, ಗಡಸಿನದನ್ನು ಬಿಟ್ಟುಕೊಡುತ್ತದೆ. ಎರಡನ್ನೂ ಬೇರೆಬೇರೆಯಾಗಿ ಎಣಿಸಿದರೆ ಯಾವುದೆಂದು ತಿಳಿದೀತು.

ಆದರೆ ಮಾಮಾ ಈ ಎರಡಕ್ಕೂ ಮೊದಲು ಮೂರನೆಯದನ್ನು ನೋಡುತ್ತಿದ್ದರು. ಅವರ ಕೆಲಸದ ರೀತಿಯೇ ಅದು. “ಮೊದಲ ಡಬ್ಬಿ, ಆಮ್ಯಾಲ ಗಾಳಿ, ಕಡೀಕ ಗೆಲಾಕ್ಸಿ,” ಎನ್ನುವರು. ಯಂತ್ರ ಕೆಟ್ಟಿರಬಹುದು. ಅಥವಾ ಹೊತ್ತು ಮುಳುಗಿದ ಮೇಲೆ ಬಲೂನು ತಣ್ಣಗಾಗಿ ಕೆಳಗಿಳಿದಿರಬಹುದು. ಇಳಿದರೆ ಅದರ ಮೇಲಿನ ಗಾಳಿ ದಪ್ಪವಾಗಿ, ಗೆಲಾಕ್ಸಿಗೆ ಏನೂ ಆಗದೆಯೂ ಎಣಿಕೆ ಇಳಿಯುತ್ತದೆ. ಇದನ್ನು ಪರೀಕ್ಷಿಸಲು ಅವರಲ್ಲಿ ಒಂದು ಉಪಾಯವಿತ್ತು. ವೃಷಭ ರಾಶಿಯಲ್ಲಿ ಒಂದು ನೀಹಾರಿಕೆ ಇದೆ. ಅದರ ಎಕ್ಸ್‌ರೇ ಎಂದೂ ಒಂದೇ ಸಮ. ಅದೇ ಹಾರಾಟದಲ್ಲಿ ಯಂತ್ರವನ್ನು ಹೊತ್ತು ಮುಳುಗುವ ಮುಂಚೆ ಒಮ್ಮೆ, ಮುಳುಗಿದ ಮೇಲೆ ಒಮ್ಮೆ ಅದರತ್ತ ತಿರುಗಿಸಿದ್ದರು. ಆ ಅಂಕಿಗಳನ್ನು ಅಕ್ಕ ಓದಿ ನಾನು ಗುರುತು ಹಾಕಿದಾಗ ನೀಹಾರಿಕೆಯೂ ಇಳಿದಿತ್ತು.

ಮಾಮಾ ಬಹಳ ಹೊತ್ತು ಆ ಹಾಳೆಯನ್ನು ನೋಡಿದರು. “ಬದಲಾಗದ್ದು ಬದಲಾದ್ರ ತಪ್ಪು ನಮ್ಮ ಕಡೆ ಐತಿ,” ಎಂದರು. ಬೇಸರವೇನೂ ಇರಲಿಲ್ಲ ಅವರ ದನಿಯಲ್ಲಿ. ಮರುದಿನದಿಂದ ನೀಹಾರಿಕೆ ಇಳಿದ ಪ್ರಮಾಣದಷ್ಟನ್ನು ಗೆಲಾಕ್ಸಿಯ ಲೆಕ್ಕದಿಂದ ತೆಗೆಯುವ ಕೆಲಸಕ್ಕೆ ನಮ್ಮನ್ನು ಹಚ್ಚಿದರು. ನಾನು ಈಗಲೂ ನಂಬುತ್ತೇನೆ: ಅವರಷ್ಟು ಜೋಪಾನವಾಗಿ ತನ್ನ ಕಣ್ಣನ್ನು ತಾನೇ ಅನುಮಾನಿಸುವ ಮನುಷ್ಯನನ್ನು ನಾನು ನೋಡಿಲ್ಲ.

ಅಂಕಿ ಓದುವಾಗಲೇ ನಮಗೆ ಮೊದಲು ತಿಳಿದದ್ದು. ಅಕ್ಕ ಒಂದು ಸಾಲು ಮುಗಿಸುವುದರೊಳಗೆ ಕೆಮ್ಮುವಳು. ಆಮೇಲೆ ಅರ್ಧ ಸಾಲಿಗೇ. “ತಡಿ, ಎಲ್ಲಿದ್ನಿ?” ಎಂದು ಬೆರಳಿಟ್ಟು ಹುಡುಕುವಳು. ಸಂಜೆಯಾದರೆ ಕೆನ್ನೆ ಬೆಚ್ಚಗಿರುತ್ತಿತ್ತು. ಮಳೆಗಾಲದ ಒಂದು ದಿನ ಕೆಮ್ಮಿ, ಸೆರಗನ್ನು ಬಾಯಿಂದ ತೆಗೆದು, ಮಡಚಿ, ನಮಗೆ ಕಾಣದ ಹಾಗೆ ಹಿಡಿದುಕೊಂಡಳು. ಮಾಮಾ ಎದ್ದು ಆ ಸೆರಗನ್ನು ಬಿಡಿಸಿ ನೋಡಿದರು. ಮರುದಿನವೇ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದರು.

ಎದೆಯ ಎಕ್ಸ್‌ರೇ ತೆಗೆದರು. ಕಪ್ಪು ಹಾಳೆಯ ಮೇಲೆ ಬೆಳ್ಳಗಿನ ಪಕ್ಕೆಲುಬುಗಳು, ಬಲಗಡೆ ಮೇಲ್ಭಾಗದಲ್ಲಿ ಹತ್ತಿ ಹಿಂಜಿ ಇಟ್ಟಂತೆ ಒಂದು ಬಿಳಿ ಮಬ್ಬು. ಎದೆರೋಗದ ಡಾಕ್ಟರು ವಯಸ್ಸಾದವರು. ಒಂದೂವರೆ ವರ್ಷ ಔಷಧ ಬಿಡದೆ ತಗೋಬೇಕು, ಮೊದಲ ಕೆಲವು ತಿಂಗಳು ದಿನಾ ಇಂಜೆಕ್ಷನ್, ಗುಣ ಆತು ಅಂತ ಅನಿಸಿದರೂ ನಾನು ಹೇಳುವ ತನಕ ನಿಲ್ಲಿಸಬಾರದು ಎಂದರು. ಇದನ್ನು ಎರಡು ಸಲ ಹೇಳಿದರು. ನಾನು ಅಲ್ಲಿದ್ದೆ.

ರೋಗದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಉಚ್ಚರಿಸಲಿಲ್ಲ. ಕಫದ ಬ್ಯಾನಿ ಎಂದೆವು. ಕಾಕುಗೂ ಹಾಗೇ ಹೇಳಿದೆವು. ಅವಳು ನಂಬಿದಳೋ ಇಲ್ಲವೋ, ಅಂದಿನಿಂದ ಕಿಟಕಿಯಲ್ಲಿ ಇಣುಕುವುದನ್ನು ನಿಲ್ಲಿಸಿದಳು.

ಇಂಜೆಕ್ಷನ್ನುಗಳು ಕೆಲಸ ಮಾಡಿದವು. ಕೆಮ್ಮು ಇಳಿಯಿತು, ಜ್ವರ ಬಿಟ್ಟಿತು, ಅಕ್ಕ ರೊಟ್ಟಿ ಕೇಳಿ ಹಾಕಿಸಿಕೊಂಡು ಉಣ್ಣತೊಡಗಿದಳು. ಆದರೆ ಅವಳ ಕಿವಿಯಲ್ಲಿ ಸದ್ದು ಶುರುವಾಯಿತು. “ಕಿವ್ಯಾಗ ಕುಕ್ಕರ ಸೀಟಿ ಹೊಡದಂಗ ಆಗತೈತಿ, ನಿಲ್ಲವಲ್ದು,” ಎನ್ನುವಳು. ಎದ್ದರೆ ತಲೆ ತಿರುಗಿ ಗೋಡೆ ಹಿಡಿಯುವಳು. ಗೇಟಿನಲ್ಲಿ ರೈಲು ಹಾಯುವಾಗ ನಾವು ಮಾತು ನಿಲ್ಲಿಸಿ ಕಾಯುತ್ತಿದ್ದೆವು. ಅವಳು ರೈಲು ಹೋಗಿದ್ದೂ ತಿಳಿಯದೆ ಮಾತಾಡುತ್ತಲೇ ಇರುತ್ತಿದ್ದಳು. ಒಂದು ಬೆಳಗ್ಗೆ ಮಾಮಾನ ಕೈ ಹಿಡಿದು, “ಎದಿ ಉಳಸಾಕ ಹೋಗಿ ಕಿವಿ ಕೊಡೂದಾದ್ರ, ಸ್ವಲ್ಪರ ತಡೀರಿ. ನಿಮ್ಮ ಮಾತು ಕೇಳದಂಗ ಬದುಕಿ ಏನ್ ಮಾಡ್ಲಿ?” ಎಂದಳು. ಮಾಮಾ ಅಂದು ಕಾಲೇಜಿಗೆ ಹೋಗಲಿಲ್ಲ.

ವರ್ಷದ ಕೊನೆಯಲ್ಲಿ ಇನ್ನೊಂದು ಎಕ್ಸ್‌ರೇ ತೆಗೆಸಬೇಕಿತ್ತು. ಊರಿನಲ್ಲಿ ಒಂದು ಹೊಸ ಯಂತ್ರ ಬಂದಿತ್ತು, ಹಳೆಯದಕ್ಕಿಂತ ಬಹಳ ಜೋರಿನದು. ಅಲ್ಲಿ ತೆಗೆಸಿದರು. ಹಾಳೆ ಕೈಗೆ ಬಂದ ದಿನ ಎದೆರೋಗದ ಡಾಕ್ಟರು ರಜೆಯ ಮೇಲೆ ಊರಿಗೆ ಹೋಗಿದ್ದರು. ಅವರು ಬಂದ ಮೇಲೆ ತೋರಿಸಿದರಾಯಿತು ಎಂದು ಮಾಮಾ ಹಾಳೆಯನ್ನು ಮನೆಗೆ ತಂದರು.

ಅದು ಬೆಳಗಿನ ಹೊತ್ತು. ಮಾಮಾ ಎರಡೂ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು, ಹಳೆಯದು ಎಡಗೈಯಲ್ಲಿ, ಹೊಸದು ಬಲಗೈಯಲ್ಲಿ. ನಾನೂ ಅಕ್ಕನೂ ಅವರ ಎರಡು ಬಾಜು ನಿಂತೆವು. ಹಳೆಯದರಲ್ಲಿ ಹತ್ತಿಯಂತೆ ಇದ್ದ ಮಬ್ಬು ಹೊಸದರಲ್ಲಿ ತೆಳ್ಳಗಿತ್ತು. ಹೊಗೆ ಚದುರಿಹೋದಂತೆ ಕಂಡಿತು. ನನಗೂ ಹಾಗೆಯೇ ಕಂಡಿತು.

“ಕರಗೇತಿ,” ಎಂದರು ಮಾಮಾ. ಮತ್ತೆ ನೋಡಿದರು. “ಖರೇನ ಕರಗೇತಿ ನೋಡು.”

“ಡಾಕ್ಟರ್ ಬರಲಿ ತಡೀರಿ,” ಅಕ್ಕ ಅಂದಳು.

“ಬರ್ಲಿ, ತೋರಿಸೂಣು. ಆದ್ರ ಇಷ್ಟ ದಿನಾ ನಾ ಮಾಡೂದು ಏನು? ಎಕ್ಸ್‌ರೇ ಹೆಚ್ಚಾತೋ ಕಮ್ಮಿ ಆತೋ ನೋಡೂದ ನನ್ನ ಕೆಲಸ,” ಎಂದು ನಕ್ಕರು. ಅಕ್ಕನೂ ನಕ್ಕಳು. ಅಷ್ಟು ತಿಂಗಳ ನಂತರ ಆ ಮನೆಯಲ್ಲಿ ಇಬ್ಬರೂ ಕೂಡಿ ನಕ್ಕದ್ದನ್ನು ನಾನು ಕೇಳಿದೆ.

ಇಂಜೆಕ್ಷನ್ ನಿಂತಿತು. ಗುಳಿಗೆಗಳು ವಾಕರಿಕೆ ತರುತ್ತಿದ್ದವು. ಕೆಲವು ದಿನಗಳಲ್ಲಿ ಅವೂ ನಿಂತವು. ಹಳೆಯ ಡಾಕ್ಟರು ರಜೆ ಮುಗಿಸಿ ಬರುವ ಮೊದಲೇ ಅವರಿಗೆ ವರ್ಗವಾಯಿತು. ಹೊಸಬರು ಬಂದ ಮೇಲೆ ಹೋಗೋಣ ಎಂದಾಯಿತು. ಕಿವಿಯ ಸದ್ದು ಸ್ವಲ್ಪ ಇಳಿದಾಗ ಅಕ್ಕ, ಅವ್ವನ ಹತ್ತಿರ ಇದ್ದು ಬರುತ್ತೇನೆಂದು ಖಾನಾಪುರಕ್ಕೆ ಹೋದಳು. ಅಲ್ಲಿನ ಗಾಳಿ ಒಳ್ಳೆಯದು ಎಂದು ಎಲ್ಲರೂ ಹೇಳಿದರು.

ಫೆಬ್ರವರಿಯಲ್ಲಿ ಸೂರ್ಯಗ್ರಹಣ ಬಂತು. ಅಂಕೋಲಾ, ಗದಗ, ರಾಯಚೂರಿನ ಕಡೆ ಪೂರ್ತಿ ಕತ್ತಲಾದ ಗ್ರಹಣ ಅದು; ಆ ಕಾಲದವರಿಗೆ ನೆನಪಿರಬಹುದು. ನಮ್ಮ ಕಡೆ ಸೂರ್ಯ ಉಗುರಿನಷ್ಟು ಉಳಿಯುವವನಿದ್ದ. ಗ್ರಹಣವನ್ನು ಅಕ್ಕನ ಜೊತೆ ನೋಡಬೇಕೆಂದು ಮಾಮಾ ನನ್ನನ್ನು ಕರೆದುಕೊಂಡು ಖಾನಾಪುರಕ್ಕೆ ಹೊರಟರು. ಹಾಗೇ ಬರಿಗಣ್ಣಿನಿಂದ ನೋಡಬಾರದಲ್ಲ. ಆಗೆಲ್ಲ ಹಳೆಯ ಎಕ್ಸ್‌ರೇ ಹಾಳೆಯಿಂದ ನೋಡುವುದು ರೂಢಿ. ಅದೂ ಸುರಕ್ಷಿತವಲ್ಲ ಎಂದು ಈಗ ಹೇಳುತ್ತಾರೆ. ನಮ್ಮ ಮನೆಯಲ್ಲಿ ಇದ್ದದ್ದು ಅಕ್ಕನ ಎದೆಯ ಆ ಎರಡು ಹಾಳೆಗಳು. ಮಾಮಾ ಅವನ್ನು ಖಾಕಿ ಲಕೋಟೆಯಲ್ಲಿ ಹಾಕಿ ಬಗಲಲ್ಲಿ ಇಟ್ಟುಕೊಂಡು ರೈಲು ಹತ್ತಿದರು. ಅಕ್ಕನಿಗೆ ಗುಣವಾಗಿದೆ ಎಂಬುದರಲ್ಲಿ ಅವರಿಗೆ ಎಷ್ಟು ನಂಬಿಕೆಯಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಖಾನಾಪುರದ ಮನೆಯಲ್ಲಿ ಅವ್ವ ಬೆಳಗಿನಿಂದಲೇ ನೀರಿನ ಕೊಡಗಳಿಗೆ ಗರಿಕೆ ಹಾಕಿ ಮುಚ್ಚಿಟ್ಟಿದ್ದಳು. “ಬಸವಣ್ಣನವರ ಒಕ್ಕಲು ನಾವು, ಸೂತಕ ಇಲ್ಲ ಅಂತೀವಿ, ಆದ್ರ ಗ್ರಹಣಾ ಗ್ರಹಣಾನ,” ಎಂಬುದು ಅವಳ ನಿಲುವು. ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ ಅಂದು ಹೋಗದೆ ಒಳಗೆ ಲಿಂಗಪೂಜೆಗೆ ಕೂತಿದ್ದ.

“ಅಕಿನ್ನ ಹೊರಗ ಕರಕೊಂಡ ಹೋಗಬ್ಯಾಡ್ರಿ,” ಅವ್ವ ಮಾಮಾನಿಗೆ ಹೇಳಿದಳು. “ಬ್ಯಾನಿಯಿಂದ ಎದ್ದಾಕಿ ಅದಾಳ. ಗ್ರಹಣದ ನೆಳ್ಳು ಬೀಳಬಾರದು.”

“ನೆಳ್ಳು ಬಿದ್ರ ಏನಾಗತೈತ್ರಿ ಅತ್ತಿ? ಚಂದ್ರ ಅಡ್ಡ ಬರ್ತಾನ, ಹೋಗ್ತಾನ. ಸೂರ್ಯಾಗೂ ಏನೂ ಆಗೂದಿಲ್ಲ, ನಿಮ್ಮ ಮಗಳಿಗೂ ಏನೂ ಆಗೂದಿಲ್ಲ.”

“ನೀವು ಓದಿದಾವ್ರು. ನಾ ಏನ್ ಹೇಳ್ಲಿ,” ಎಂದು ಅವ್ವ ಬಾಗಿಲು ಹಾಕಿಕೊಂಡಳು. ನಾವು ಮೂವರೂ ಅಂಗಳದಲ್ಲಿ ಉಳಿದೆವು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೆಳಕು ಬಣ್ಣಗೆಟ್ಟಿತು. ಮೋಡದ ಮಬ್ಬಲ್ಲ, ಸಂಜೆಯೂ ಅಲ್ಲ. ದೀಪದ ಬತ್ತಿ ಇಳಿಸಿದಂತೆ. ಕೋಳಿಗಳು ಬುಟ್ಟಿಯ ಕಡೆ ಹೋದವು. ಅಕ್ಕ ಹಳೆಯ ಹಾಳೆಯನ್ನು ಹಿಡಿದಿದ್ದಳು, ನಾನು ಹೊಸದನ್ನು.

“ಅಯ್ಯ, ಕಣ್ಣಿಗೆ ಹೊಡಿತಾನ,” ಎಂದು ಅಕ್ಕ ಹಾಳೆ ಕೆಳಗಿಳಿಸಿದಳು.

“ಎಲುಬಿನಾಗಿಂದ ನೋಡಬ್ಯಾಡ,” ಮಾಮಾ ಅಂದರು. “ಎಲುಬು ಬೆಳ್ಳಗ ಇರ್ತಾವ, ಬಿಸಲು ದಾಟಿ ಬರ್ತೈತಿ. ಕರೀ ಇದ್ದಲ್ಲಿಂದ ನೋಡು.”

“ನನಗ ಅಷ್ಟ ಹೇಳ್ರಿ. ಅಕಿ ನೋಡ್ರಿ ಅಲ್ಲಿ, ನನ್ನ ಹೆಗಲ ಎಲುಬಿನಾಗಿಂದನ ನೋಡಾಕತ್ತಾಳ. ಅಕಿಗೆ ಏನೂ ಆಗವಲ್ದು.”

ಅದು ನಿಜವಾಗಿತ್ತು. ನಾನು ಹಿಡಿದ ಹಾಳೆಯಲ್ಲಿ ಸೂರ್ಯ ಅಕ್ಕನ ಕೊರಳ ಕೆಳಗಿನ ಅಡ್ಡ ಎಲುಬಿನ ಮೇಲೆಯೇ ಇದ್ದ. ಕೆಂಪಗೆ, ಕುಡುಗೋಲಿನಂತೆ, ನೋವಿಲ್ಲದೆ ಕಾಣುತ್ತಿದ್ದ. ಹಾಗೆಂದು ಹೇಳಿದೆ.

ಮಾಮಾ ನಗುತ್ತಲೇ ಕೈ ಚಾಚಿ ನನ್ನ ಹಾಳೆಯನ್ನು ತೆಗೆದುಕೊಂಡರು. ನೋಡಿದರು. ಆಮೇಲೆ ಅಕ್ಕನದನ್ನು ತೆಗೆದುಕೊಂಡು, ಅದೇ ಎಲುಬನ್ನು ಹುಡುಕಿ ಸೂರ್ಯನಿಗೆ ಹಿಡಿದು, ಕಣ್ಣು ಮುಚ್ಚಿ ತಿರುಗಿದರು. ಮತ್ತೆ ಹೊಸದು. ಮತ್ತೆ ಹಳೆಯದು. ನಗೆ ಯಾವಾಗ ನಿಂತಿತೋ ನಾನು ನೋಡಲಿಲ್ಲ. ಆಮೇಲೆ ಅವರು ಎರಡೂ ಹಾಳೆಗಳನ್ನು ಕೆಳಗಿಳಿಸಿ, ಮನೆಯ ಸುಣ್ಣದ ಗೋಡೆಯ ಎದುರು ಒಟ್ಟಿಗೆ ಹಿಡಿದು, ರೋಗದ ಮಬ್ಬಿದ್ದ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿದರು. ಕೆಳಗಿನ ಪಕ್ಕೆಲುಬುಗಳು ಮಾತ್ರ ಉಳಿದವು.

“ತಂಗಿ,” ಎಂದು ನನ್ನನ್ನು ಕರೆದರು. ದನಿ ಬಹಳ ಮೆಲ್ಲಗಿತ್ತು. “ಇದರಾಗ ಎಲುಬು ಯಾಕ ಕಪ್ಪಾತು?”

ನಾನು ನೋಡಿದೆ. ಹಳೆಯದರಲ್ಲಿ ಪಕ್ಕೆಲುಬು ಬೆಳ್ಳಗೆ ನಿಂತಿದ್ದವು. ಹೊಸದರಲ್ಲಿ ಅವು ಬೂದಿಯ ಬಣ್ಣ. ರೋಗದ ಮಬ್ಬಷ್ಟೇ ಕರಗಿರಲಿಲ್ಲ, ಎಲುಬೂ ಕರಗಿದ್ದವು. ಹೊಸ ಯಂತ್ರದ ಜೋರಿಗೆ ಇಡೀ ಹಾಳೆ ಕಪ್ಪಾಗಿತ್ತು, ಆ ಕಪ್ಪಿನಲ್ಲಿ ಮಬ್ಬು ಮುಳುಗಿತ್ತು. ಎಲುಬು ಕೆಲವು ತಿಂಗಳಲ್ಲಿ ಬದಲಾಗುವುದಿಲ್ಲ. ವೃಷಭದ ನೀಹಾರಿಕೆಯನ್ನು ಗುರುತು ಹಾಕಿದವಳು ನಾನೇ. ಅವರು ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯಿತು.

“ಏನಾತ್ರಿ?” ಅಕ್ಕ ಕೇಳಿದಳು. ಮಾಮಾನ ಮೆಲುದನಿ ಅವಳ ಕಿವಿಗೆ ಬಿದ್ದಿರಲಿಲ್ಲ. “ಮುಗೀತೇನು? ನನಗೂ ಕೊಡ್ರಿ ಸ್ವಲ್ಪ.”

ಮಾಮಾ ಹೊಸ ಹಾಳೆಯನ್ನು ಅವಳ ಕೈಗೆ ಕೊಟ್ಟರು. ಅವಳು ಅದರಲ್ಲಿ ಸೂರ್ಯ ಮತ್ತೆ ದುಂಡಗಾಗುವ ತನಕ ನೋಡಿದಳು.

ಬಾಗಿಲು ತೆರೆದಾಗ ಅವ್ವ ನೆಲದ ಮೇಲೆ ಗೋಣಿತಟ್ಟು ಹಾಸಿದ್ದಳು. ಹಂಚಿನ ಸಂದಿನಿಂದ ನೆಲಕ್ಕೆ ಬೀಳುತ್ತಿದ್ದ ಬೆಳಕಿನ ದುಂಡು ಚುಕ್ಕೆಗಳೆಲ್ಲ ಆ ಹೊತ್ತು ಕುಡುಗೋಲಿನ ಆಕಾರಕ್ಕೆ ತಿರುಗಿದ್ದವಂತೆ. ಬಾಗಿಲು ಹಾಕಿದರೂ ಗ್ರಹಣ ಒಳಗೆ ಬಂದಿದೆ ಎಂದು ಹೆದರಿ ಅವುಗಳ ಮೇಲೆ ತಟ್ಟು ಮುಚ್ಚಿ, ಅದರ ಪಕ್ಕದಲ್ಲೇ ಕೂತಿದ್ದಳು.

ಮರುದಿನ ಬೆಳಗಾವಿಗೆ ಹಿಂದಿರುಗುವಾಗ ರೈಲಿನಲ್ಲಿ ಮಾಮಾ ಅಕ್ಕನಿಗೆ ಹೇಳಿದರು. ನಾನು ಎದುರು ಸೀಟಿನಲ್ಲಿದ್ದೆ. ಕಿವಿಗೆ ಬಾಯಿ ಹಚ್ಚಿ ಹೇಳಬೇಕಾಯಿತು. ಅವರು ಯಾವುದನ್ನೂ ಮುಚ್ಚಿಡಲಿಲ್ಲ: ತಾನು ಓದಿದ್ದು ತಪ್ಪು, ಔಷಧ ಬಿಡಿಸಿದ್ದು ತಪ್ಪು, ಎಲುಬು ನೋಡಲಿಲ್ಲ. ಅಕ್ಕ ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡಳು. ದೇಸೂರಿನಲ್ಲಿ ಗಾಡಿ ನಿಂತಾಗ ಅಂದಳು:

“ಆ ಗೆಲಾಕ್ಸಿಗೆ ಎಷ್ಟ್ ಪರೀಕ್ಷಾ ಮಾಡಿದ್ರಿ. ಡಬ್ಬಿ, ಗಾಳಿ ಅಂತ. ನಂದು ನೋಡೂಮುಂದ ಖುಷಿಪಟ್ಟು ಬಿಟ್ರಿ.”

ಮಾಮಾ ತಲೆ ಎತ್ತಲಿಲ್ಲ.

“ಖುಷಿಪಟ್ಟಿದ್ದಕ್ಕ ನಿಮಗ ಏನಂತ ಬೈಲಿ?” ಎಂದಳು ಅಕ್ಕ. ಅವರ ಮೊಣಕಾಲಿನ ಮೇಲೆ ಕೈ ಇಟ್ಟಳು. ಬೆಳಗಾವಿ ಬರುವ ತನಕ ಆ ಕೈ ತೆಗೆಯಲಿಲ್ಲ.

ಹೊಸ ಡಾಕ್ಟರು ಮೂರನೆಯ ಎಕ್ಸ್‌ರೇ ತೆಗೆಸಿದರು. ಮಬ್ಬು ಮೊದಲಿಗಿಂತ ಕೆಳಗೆ ಇಳಿದಿತ್ತು, ಎಡಕ್ಕೂ ಹಬ್ಬಿತ್ತು. ಔಷಧಗಳನ್ನು ಮತ್ತೆ ಶುರು ಮಾಡಿದರು. ಕೆಲವು ವಾರ ಕಾದು ನೋಡಿ, ಮಾಮಾನನ್ನು ಹೊರಗೆ ಕರೆದು, “ನಡುವ ಬಿಟ್ರ ಈ ರೋಗ ಔಷಧಕ್ಕ ಒಗ್ಗಿಬಿಡ್ತದ್ರಿ. ಈಗ ಹಳೇ ಔಷಧ ಹತ್ತವಲ್ಲವು,” ಎಂದರು. ಬೇರೆ ಔಷಧಗಳನ್ನು ಮುಂಬಯಿಯಿಂದ ತರಿಸಿದರು. ಅಕ್ಕ ಅವನ್ನೆಲ್ಲ ಒಂದೂ ಬಿಡದೆ ತೆಗೆದುಕೊಂಡಳು. ಕಿವಿ ಪೂರ್ತಿ ಹೋಯಿತು. ದಸರೆ ದಾಟಿದ ಮೇಲೆ, ಒಂದು ಮಧ್ಯಾಹ್ನ, ಮಾಮಾ ಮಗ್ಗುಲಲ್ಲಿ ಕೂತಿರುವಾಗಲೇ ತೀರಿಕೊಂಡಳು. ಅವರು ಏನೋ ಹೇಳುತ್ತಿದ್ದರು. ಅವಳಿಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ ಹೇಳುತ್ತಿದ್ದರು.

ಖಾನಾಪುರಕ್ಕೆ ಒಯ್ದೆವು. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದಾಗ ಅವಳ ಕೊರಳ ಕೆಳಗಿನ ಆ ಅಡ್ಡ ಎಲುಬು ಸೀರೆಯ ಮೇಲೆ ಎದ್ದು ಕಾಣುತ್ತಿತ್ತು. ನಾನು ಬೇರೆ ಕಡೆ ನೋಡಿದೆ.

ಅವ್ವ ಅಷ್ಟು ಹೊತ್ತು ಅತ್ತಿರಲಿಲ್ಲ. ಮಾಮಾ ಒಳಗೆ ಬಂದದ್ದೇ ಎದ್ದು ನಿಂತಳು. “ಬ್ಯಾಡ ಅಂದಿದ್ನಿ,” ಎಂದಳು. “ಬ್ಯಾನಿಯಿಂದ ಎದ್ದಾಕಿ, ಹೊರಗ ಒಯ್ಯಬ್ಯಾಡ್ರಿ ಅಂದಿದ್ನಿ. ಗ್ರಹಣ ತೋರಿಸಿದ್ರಿ. ಅಕಿ ಎದಿ ಹಾಳಿನ ಸೂರ್ಯಾಗ ಹಿಡದು ತೋರಿಸಿದ್ರಿ. ನೀವ ಕೊಂದ್ರಿ ನನ್ನ ಮಗಳನ್ನ.”

ನಾನು ಬಾಯಿ ತೆರೆದೆ. ಗ್ರಹಣದಿಂದಲ್ಲ ಎಂದು ಹೇಳಬೇಕೆಂದಿದ್ದೆ. ಅದರ ಮುಂದಿನ ಮಾತು ಏನಾಗುತ್ತದೆ ಎಂಬುದು ಆಗ ಹೊಳೆಯಿತು. ಮಾಮಾ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು.

“ಹೌದ್ರಿ ಅತ್ತಿ,” ಎಂದರು. “ನನ್ನಿಂದನ ಆತು.”

ಗೆಲಾಕ್ಸಿಯ ವಿಷಯವನ್ನೂ ಮುಗಿಸಿಬಿಡುತ್ತೇನೆ. ನೀಹಾರಿಕೆಯ ಪಾಲನ್ನು ತೆಗೆದ ಮೇಲೂ ಅದರ ಇಳಿತ ಸ್ವಲ್ಪ ಉಳಿದಿತ್ತು. ಆದರೆ ಮಾಮಾ ಅದನ್ನು ಬರೆದು ಕಳಿಸಲಿಲ್ಲ, ಪಿಎಚ್‌.ಡಿ. ಮುಗಿಸಲಿಲ್ಲ. ಕಾಗದಗಳನ್ನೂ ನನ್ನ ಗ್ರಾಫುಗಳನ್ನೂ ಕಟ್ಟಿ ಮುಂಬಯಿಗೆ ಹಿಂದಿರುಗಿಸಿದರು. ಎಂಬತ್ತರ ದಶಕದ ನಡುವೆ, ನಾನೂ ಕಾಲೇಜಿನಲ್ಲಿ ಕಲಿಸತೊಡಗಿದ ಮೇಲೆ, ಗ್ರಂಥಾಲಯದ ಪತ್ರಿಕೆಯೊಂದರಲ್ಲಿ ಓದಿದೆ: ಈಗ ಉಪಗ್ರಹಗಳು ಗಾಳಿಯ ಕಾಟವಿಲ್ಲದೆ ಇಂಥ ಗೆಲಾಕ್ಸಿಗಳನ್ನು ದಿನಗಟ್ಟಲೆ ಎಡೆಬಿಡದೆ ನೋಡಿವೆ, ಅವುಗಳ ಎಕ್ಸ್‌ರೇ ನಿಜವಾಗಿಯೂ ತಾಸುಗಳಲ್ಲಿ ಏರಿ ಇಳಿಯುತ್ತದೆ. ಕೆಲವುಗಳಲ್ಲಿ ಮೋಡ ಅಡ್ಡ ಬರುತ್ತದೆ, ಹೆಚ್ಚಿನವುಗಳಲ್ಲಿ ಒಳಗಿನ ಬೆಂಕಿಯೇ ಹಾಗೆ. ಆದರೆ ಆ ಬೆಂಕಿ ಯಾಕೆ ಹೀಗೆ ತಳಮಳಿಸುತ್ತದೆ ಎಂಬುದು ಇನ್ನೂ ಗೊತ್ತಾಗಿಲ್ಲ. ಪತ್ರಿಕೆಯನ್ನು ಮಾಮಾನಿಗೆ ಒಯ್ದು ತೋರಿಸಿದೆ. ಅವರು ಗ್ರಾಫನ್ನು ನೋಡದೆ ಕೇಳಿದರು:

“ನಡುನಡುವ ನೀಹಾರಿಕಿ ನೋಡ್ಯಾರೇನು?”

“ನೋಡ್ಯಾರ, ಮಾಮಾ.”

“ಹಂಗಾರ ಖರೇ ಇರಬೇಕು,” ಎಂದು ಪತ್ರಿಕೆಯನ್ನು ಹಿಂದಕ್ಕೆ ಕೊಟ್ಟರು.

ಅಕ್ಕ ಸತ್ತ ಮರುವರ್ಷದ ಮಳೆಗಾಲದಲ್ಲಿ ಇನ್ನೊಂದು ಗ್ರಹಣ ಬಂದಿತ್ತು, ಬೆಳಗಿನ ಹೊತ್ತಿನದು, ಸಣ್ಣದು. ಮಾಮಾ ಹಿಂದಿನ ದಿನವೇ ಖಾನಾಪುರಕ್ಕೆ ಬಂದರು. ಯಾಕೆ ಬಂದರೆಂದು ಹೇಳಲಿಲ್ಲ, ಅವ್ವ ಕೇಳಲೂ ಇಲ್ಲ. ಅವಳು ಅವರ ಜೊತೆ ಮಾತು ಬಿಟ್ಟಿದ್ದಳು. ಬೆಳಗ್ಗೆ ಅವಳು ಕೊಡಗಳನ್ನು ಮುಚ್ಚಿ ಬಾಗಿಲು ಹಾಕುವಾಗ ಅವರು ಹೊರಗೆ ಹೋಗದೆ ಒಳಗೇ ಕೂತರು. ದಟ್ಟ ಮೋಡ, ಹಂಚಿನ ಸಂದಿನಿಂದ ಒಂದು ಚುಕ್ಕೆ ಬೆಳಕೂ ನೆಲಕ್ಕೆ ಬೀಳುತ್ತಿರಲಿಲ್ಲ. ಆದರೂ ಅವ್ವ ಗೋಣಿತಟ್ಟನ್ನು ತಂದು, ಹಿಂದಿನ ಸಲ ಹಾಸಿದ ಜಾಗದಲ್ಲೇ ಹಾಸತೊಡಗಿದಳು. ಅದು ದೊಡ್ಡದು, ಒಬ್ಬಳ ಕೈಗೆ ನೆಟ್ಟಗೆ ಬರುತ್ತಿರಲಿಲ್ಲ.

ಮಾಮಾ ಎದ್ದು ಹೋಗಿ ಅದರ ಇನ್ನೊಂದು ತುದಿಯನ್ನು ಹಿಡಿದರು. ಅವ್ವ ಕೈ ಬಿಡಲಿಲ್ಲ, ಬೇಡವೆನ್ನಲೂ ಇಲ್ಲ. ಇಬ್ಬರೂ ಅದನ್ನು ನೆಲಕ್ಕೆ ಹಾಸಿ, ಅಂಚುಗಳನ್ನು ಸರಿಮಾಡಿ, ಗ್ರಹಣ ಬಿಡುವವರೆಗೂ ಅದರ ಎರಡು ಬದಿಗೆ ಕೂತಿದ್ದರು.